ಬೀಗ ತೆರೆಯಬಲ್ಲ ಮೂಕ ಬಾಲಕಿ

ಅಮೆರಿಕದ ಲೇಖಕ ಅಲೆಗ್ಸಾಂಡರ್ ಕೀ ಅವರ ‘ಎಸ್ಕೇಪ್ ಟು ವಿಚ್ ಮೌಂಟನ್’ (1968) ಮಕ್ಕಳ ಕಾದಂಬರಿಯಾದರೂ ಪರೀಕ್ಷೆಗೊಡ್ಡುವುದು ಹಿರಿಯರನ್ನು. ಸಾಕಿದ ಅಜ್ಜಿ ತೀರಿಕೊಂಡ ಬಳಿಕ ಟೋನಿ ಮತ್ತು ಟಿಯಾ ಎಂಬ ಒಡಹುಟ್ಟಿದವರು ಹ್ಯಾಕೆಟ್ ಹೌಸ್ ಎಂಬ ಕಟ್ಟುನಿಟ್ಟಿನ ಬಾಲಗೃಹ ಸೇರುತ್ತಾರೆ. ಟೋನಿ ಮೌತ್ ಆರ್ಗನ್ ನುಡಿಸಿದರೆ ವಸ್ತುಗಳು ತಾವಾಗಿ ಚಲಿಸುತ್ತವೆ. ಟಿಯಾಳ ಕೈ ತಾಗಿದರೆ ಬೀಗ ತೆರೆದುಕೊಳ್ಳುತ್ತದೆ. ಅವಳ ಮಾತೋ ಟೋನಿಯ ಹೊರತು ಇನ್ನಾರಿಗೂ ಕೇಳಿಸದು. ಇಂಥ ಮಗುವನ್ನು ಬೀಗಗಳ ಮನೆಯೊಂದು ಹೇಗೆ ತನ್ನದಾಗಿಸಿಕೊಂಡೀತು? (ಶೀರ್ಷಿಕೆಯ ‘ವಿಚ್’ ಕಂಡು ತಂದೆತಾಯಿಗಳು ಅಂಜಬೇಕಿಲ್ಲ. ಇಲ್ಲಿ ಮಾಟಮಂತ್ರವಿಲ್ಲ, ಮಕ್ಕಳು ಅನ್ಯಲೋಕದಿಂದ ಬಂದವರು.)

ಆದರೂ ಕೀ ಅವರು ಶಿಸ್ತನ್ನೇ ಖಳನನ್ನಾಗಿಸಿಲ್ಲ. ನಿಜವಾದ ಅಪಾಯ, ಬಂಧುವೆಂದು ಹೇಳಿಕೊಂಡು ಬರುವ ಡೆರೇನಿಯನ್. ಬಾಲಗೃಹಕ್ಕೆ ಮಕ್ಕಳ ಶಕ್ತಿ ಬೇಡ. ಇವನಿಗೆ ಶಕ್ತಿ ಮಾತ್ರ ಬೇಕು. ಮಕ್ಕಳನ್ನು ಮಕ್ಕಳೆಂದೇ ಕಂಡು ನೆರವಾಗುವವರು ಫಾದರ್ ಓ’ಡೇ ಎಂಬ ಗುರುಗಳು.

ಜಾನ್ ಹಫ್ ನಿರ್ದೇಶನದ ಡಿಸ್ನಿ ಚಿತ್ರ (1975) ಈ ಗುರುಗಳನ್ನು ಕೈಬಿಟ್ಟು, ಜೇಸನ್ ಓ’ಡೇ ಎಂಬ ಸಿಡುಕಿನ ವಿಧುರನನ್ನು ತಂದಿತು. ಮಕ್ಕಳನ್ನು ತನ್ನ ಲಾಭಕ್ಕಾಗಿ ಕರೆತರುವ ಕೋಟ್ಯಧೀಶ ಬೋಲ್ಟ್‌ನ ಮಹಲು, ಆಟಿಕೆಗಳಿಂದ ತುಂಬಿದ್ದರೂ ಸೆರೆಮನೆಯೇ. ಈ ಬದಲಾವಣೆ ಮೆಚ್ಚತಕ್ಕದ್ದು. ಎಡ್ಡಿ ಆಲ್ಬರ್ಟ್ ಅವರ ವಿಧುರನೂ ಹೃದ್ಯ. ಆದರೆ ಅವನ ಒಂಟಿತನವನ್ನು ಮಕ್ಕಳು ನೀಗುತ್ತಾರೆ. ಅಷ್ಟರಮಟ್ಟಿಗೆ ಅವನಿಗೂ ಪ್ರತಿಫಲ ದೊರೆಯುತ್ತದೆ. ಕಾದಂಬರಿಯ ಗುರುಗಳು ಮಕ್ಕಳಿಂದ ಏನನ್ನೂ ಪಡೆಯದೆ ಅವರನ್ನು ಬೆಟ್ಟದ ಹಾದಿಗೆ ಕಳುಹಿಸಿಕೊಡುತ್ತಾರೆ. ಚಿತ್ರ ಕಳೆದುಕೊಂಡದ್ದು ಇದನ್ನೇ.