ಅಲುಗದ ಕ್ಯಾಮೆರಾ

ಸ್ವೀಡನ್ನಿನ ಚಿತ್ರ ನಿರ್ದೇಶಕ ರಾಯ್ ಆಂಡರ್ಸನ್ ಕ್ಯಾಮೆರಾ ಊರಿದರೆ ಅದು ಕದಲುವುದೇ ಅಪರೂಪ. 1975ರಲ್ಲಿ ಅವರ ಎರಡನೆಯ ಚಿತ್ರ ‘ಗಿಲಿಯಾಪ್’ ಸೋತಿತು. ಮುಂದಿನ ಕಥಾಚಿತ್ರ ಬಂದದ್ದು 2000ದಲ್ಲಿ. ನಡುವೆ ಜಾಹೀರಾತುಗಳೇ ಅನ್ನ ಕೊಟ್ಟವು, ಕೈಯನ್ನೂ ಪಳಗಿಸಿದವು.

ಸ್ಟಾಕ್‌ಹೋಮ್‌ನ ತಮ್ಮ ಸ್ಟುಡಿಯೋದೊಳಗೇ ಬೀದಿ, ಬಾರುಗಳನ್ನು ಕಟ್ಟಿಸಿ, ಹೆಚ್ಚುಕಡಿಮೆ ಪ್ರತಿ ದೃಶ್ಯವನ್ನೂ ಒಂದೇ ಶಾಟಿನಲ್ಲಿ ಹಿಡಿಯುತ್ತಿದ್ದರು. ಹತ್ತಿರದ ಮುಖವೂ ದೂರದ ಕಿಟಕಿಯೂ ಅಷ್ಟೇ ನಿಚ್ಚಳ. ಎಲ್ಲಿ ನೋಡಬೇಕೆಂದು ಯಾರೂ ಹೇಳುವುದಿಲ್ಲ. ಆ ಸ್ವಾತಂತ್ರ್ಯ ನನಗೆ ಬಲು ಇಷ್ಟ.

ಅವರ ‘ಯು, ದ ಲಿವಿಂಗ್’ ಚಿತ್ರದಲ್ಲಿ ಹುಡುಗಿಯೊಬ್ಬಳ ಕನಸಿದೆ. ಮದುವೆಯುಡುಪಿನಲ್ಲಿ ಅವಳು, ಗಿಟಾರ್ ನುಡಿಸುವ ವರ, ಕಿಟಕಿಯಾಚೆ ಸರಿಯುವ ಊರು. ಮನೆಯೇ ರೈಲಾಗಿ ಹೊರಟಿದೆ! ಅಪರಿಚಿತರು ಗುಂಪುಗೂಡಿ ಹಾರೈಸುತ್ತಾರೆ. ಸುಣ್ಣ ಬಳಿದಂಥ ಮುಖಗಳ ಆ ಲೋಕದಲ್ಲಿ ಎಷ್ಟೊಂದು ಅಕ್ಕರೆ! ಅವರ 2014ರ ಚಿತ್ರಕ್ಕೆ ವೆನಿಸ್‌ನ ಗೋಲ್ಡನ್ ಲಯನ್ ಬಂತು. ನನಗಾದರೋ ಈ ಕನಸಿನ ಒಂದೇ ದೃಶ್ಯ ಹೆಚ್ಚು.