ಡಾಬಿನ ಮೇಲೆ ಕಣ್ಣಿಡಿ

‘ಓಂಕಾರ’ ಹಿಂದಿ ಚಿತ್ರ ನೋಡಿದ್ದೀರಾ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ‘ಬೀಡಿ’ ಹಾಡು ಗುನುಗುತ್ತಾರೆ. ಉಳಿದಿಬ್ಬರು ಲಂಗಡಾ ಆಗಿ ಸೈಫ್ ಅಲಿ ಖಾನ್ ಕುಂಟಿದ್ದನ್ನು ಹೊಗಳುತ್ತಾರೆ. ಇಂಥವರ ಜೊತೆ ನನಗೆ ಮಾತು ಬೆಳೆಯುವುದಿಲ್ಲ. ನೀವು ಹಾಗಲ್ಲ ಎಂಬ ನಂಬಿಕೆಯಿಂದ ಇಷ್ಟು ಬರೆಯುತ್ತಿದ್ದೇನೆ.

ಚಿತ್ರದ ಬೇರು ಶೇಕ್ಸ್‌ಪಿಯರನ ‘ಒಥೆಲೋ’; ಆ ಕತೆಯನ್ನು ಇಲ್ಲಿ ಹೇಳಿಕೊಡಲಾರೆ. ಬಸವಪ್ಪ ಶಾಸ್ತ್ರಿಗಳು ಅದನ್ನು ‘ಶೂರಸೇನ ಚರಿತ್ರೆ’ ಮಾಡಿ ಕನ್ನಡಕ್ಕೆ ತಂದು ನೂರು ವರ್ಷ ದಾಟಿದೆ. ಇನ್ನೂ ಗೊತ್ತಿಲ್ಲವೆಂದರೆ ತಪ್ಪು ನನ್ನದಲ್ಲ.

ನೀವು ಕಣ್ಣಿಡಬೇಕಾದ್ದು ಡಾಬಿನ ಮೇಲೆ. ಶೇಕ್ಸ್‌ಪಿಯರನಲ್ಲಿ ಅನಾಹುತಕ್ಕೆಲ್ಲ ಕಾರಣ ಸ್ಟ್ರಾಬೆರಿ ಕಸೂತಿಯ ಒಂದು ಕರವಸ್ತ್ರ. ಅದು ಮಾಟಗಾತಿಯೊಬ್ಬಳು ತನ್ನ ತಾಯಿಗೆ ಕೊಟ್ಟದ್ದು ಎಂದು ಒಥೆಲೋ ಒಮ್ಮೆ ಹೇಳುತ್ತಾನೆ. ಕೊನೆಯ ಅಂಕದಲ್ಲಿ, ಅಪ್ಪ ಅಮ್ಮನಿಗೆ ಕೊಟ್ಟದ್ದು ಎನ್ನುತ್ತಾನೆ. ವಸ್ತು ಒಂದೇ, ವಂಶಾವಳಿ ಎರಡು! ಹೊರಗಿನವನಾಗಿ ಬಂದವನಿಗೆ ತನ್ನ ಬೇರಿನ ಬಗ್ಗೆ ಎಷ್ಟು ಅಳುಕು ನೋಡಿ. ವಿಶಾಲ್ ಭಾರದ್ವಾಜ್ ಹಿಡಿದದ್ದು ಈ ಅಳುಕನ್ನೇ. 2006ರ ಅವರ ಚಿತ್ರದಲ್ಲಿ ಕರವಸ್ತ್ರದ ಜಾಗಕ್ಕೆ ಮನೆತನದ ಸೊಂಟದ ಡಾಬು ಬಂತು. ಪಶ್ಚಿಮ ಉತ್ತರ ಪ್ರದೇಶದ ಓಂಕಾರ ಶುಕ್ಲಾ ಬ್ರಾಹ್ಮಣ ತಂದೆಗೂ ಕೆಳಜಾತಿಯ ತಾಯಿಗೂ ಹುಟ್ಟಿದವನು. ಊರು ಅವನನ್ನು ಅರ್ಧ ಬ್ರಾಹ್ಮಣ ಎಂದು ಹಂಗಿಸುತ್ತದೆ. ಹೆಸರಿನಲ್ಲಿ ಶುಕ್ಲಾ ಇದ್ದರೂ ನಂಬದವರಿಗೆ ತೋರಿಸಲು ಅವನ ಹತ್ತಿರ ಇರುವುದು ಆ ಡಾಬೊಂದೇ ಎಂದು ನಾನು ಓದಿಕೊಂಡಿದ್ದೇನೆ. ಅದು ಅವನ ಮದುವಣಗಿತ್ತಿ ಡಾಲಿಯ ನಡುವಿನಿಂದ ಜಾರಿ, ಲಂಗಡಾನ ಹೆಂಡತಿ ಇಂದುವಿನ ಕೈಸೇರಿ, ಅವನ ಬಂಟ ಕೇಸುವಿನಿಂದ ಕೇಸುವಿನ ಪ್ರೇಯಸಿ ಬಿಲ್ಲೋಗೆ ಹೋದಾಗ ಓಂಕಾರನ ಪಾಲಿಗೆ ಡಾಲಿಯ ಜೊತೆ ವಂಶವೂ ಕೈಬಿಟ್ಟಿತು.

ಇದು ನನಗೂ ಮೊದಲ ಸಲಕ್ಕೆ ಹೊಳೆಯಲಿಲ್ಲ. ಟಾಕೀಸಿನಲ್ಲಿ ನಾನೂ ಸಿಳ್ಳೆ ಹೊಡೆದವನೇ. ಮರುವರ್ಷ ಅಣ್ಣನ ಮದುವೆ. ಅಮ್ಮ ನಮ್ಮ ಮನೆಯ ಡಾಬನ್ನು ಅತ್ತಿಗೆಯ ನಡುವಿಗೆ ತೊಡಿಸಿ, ಕೊಂಡಿ ಬಿಗಿ ಮಾಡುತ್ತಾ, ‘ಇದು ನಿಂದಲ್ಲ ಕಣಮ್ಮ, ಮನೇದು’ ಅಂದಳು. ಅತ್ತಿಗೆ ಉಸಿರು ಒಳಗೆಳೆದುಕೊಂಡು ನಿಂತಿದ್ದಳು. ಕರವಸ್ತ್ರ ಕಳೆದರೆ ಇನ್ನೊಂದು ತರಬಹುದು. ಮನೆಯವರೆಲ್ಲರ ಮಾನವನ್ನು ಸೊಂಟಕ್ಕೆ ಬಿಗಿಸಿಕೊಂಡವಳು ಅದನ್ನು ಕಳೆದುಕೊಂಡರೆ?

ಉಳಿದದ್ದು ಚುಟುಕಾಗಿ. ತುರ್ಕರ ಭಯಕ್ಕೆ ವೆನಿಸ್ಸಿನ ಸೆನೆಟ್ ಒಥೆಲೋನನ್ನು ಸಹಿಸಿತು. ಚುನಾವಣೆಯ ಭಯಕ್ಕೆ ರಾಜಕಾರಣಿ ಭಾಯಿಸಾಬ್ ಓಂಕಾರನನ್ನು ಸಹಿಸುತ್ತಾನೆ. ಬೇಕಾದಾಗ ಜಾತಿ ಮರೆಯುವ ಜಾಣತನ ಎರಡೂ ಕಡೆ ಒಂದೇ. 1965ರ ಚಿತ್ರದಲ್ಲಿ ಲಾರೆನ್ಸ್ ಒಲಿವಿಯೆ ಮೈಗೆ ಕಪ್ಪು ಬಳಿದುಕೊಂಡರು, ಇಲ್ಲಿ ಅಂಥ ಬಣ್ಣ ಬೇಕಾಗಲಿಲ್ಲ. ಆದರೂ ನನ್ನದೊಂದು ತಕರಾರಿದೆ: ನಾಯಕ ಅರ್ಧವೇ ಏಕೆ? ಪೂರ್ತಿ ಕೆಳಜಾತಿಯವನಾಗಿದ್ದರೆ ಹಿಂದಿ ಪ್ರೇಕ್ಷಕ ಎದ್ದುಹೋಗುತ್ತಿದ್ದನೇ? ಮಲಯಾಳದಲ್ಲಿ ಜಯರಾಜ್ 1997ರಲ್ಲೇ ‘ಕಳಿಯಾಟ್ಟಂ’ ಮಾಡಿ, ತೆಯ್ಯಂ ಕಟ್ಟುವ ಕಣ್ಣನ್ ಪೆರುಮಲಯನನ್ನು ಒಥೆಲೋ ಆಗಿಸಿದ್ದರು. ಕಟ್ಟಿದಷ್ಟು ಹೊತ್ತು ದೇವರು, ಬಿಚ್ಚಿದ ಮೇಲೆ ಅಂಗಳದಾಚೆ. ನಮ್ಮ ಭೂತಕೋಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಂಕಣಾ ಸೇನ್ ಶರ್ಮಾಳ ಇಂದುವನ್ನು ಮಾತ್ರ ತಪ್ಪಿಸಬೇಡಿ. ನಾಟಕದಲ್ಲಿ ಇಯಾಗೋ ಹೆಂಡತಿಯನ್ನು ಕೊಂದು ತಾನು ಬದುಕುಳಿಯುತ್ತಾನೆ. ಇಲ್ಲಿನ ಇಯಾಗೋ ಲಂಗಡಾ; ಹೆಂಡತಿಯೇ ಅವನ ಕತ್ತು ಸೀಳುತ್ತಾಳೆ. ಡಾಬು ಕದ್ದ ಕೈಯೇ ಲೆಕ್ಕ ಚುಕ್ತಾ ಮಾಡಿತು.

ಕೆಲವು ವರ್ಷದ ಮೇಲೆ ಈ ಚಿತ್ರ ಮನೆಯ ಟೀವಿಯಲ್ಲಿ ಬಂತು. ‘ಬೀಡಿ’ ಹಾಡು ಬಂದಾಗ ಅತ್ತಿಗೆ ಒಗ್ಗರಣೆ ಹಾಕಲು ಎದ್ದುಹೋದಳು. ವಾಪಸು ಬಂದವಳು ಕೊನೆಯತನಕ ಕದಲಲಿಲ್ಲ. ಡಾಲಿ ಸತ್ತು ಬಿದ್ದಿದ್ದರೆ ಇವಳು ಕೇಳಿದ್ದು ಒಂದೇ: ‘ಅಲ್ಲ, ಕಳೆದ ದಿನವೇ ಗಂಡನಿಗೆ ಯಾಕೆ ಹೇಳ್ಲಿಲ್ಲ?’ ಕೇಳಿ, ತಾನೇ ಉತ್ತರವನ್ನೂ ಕೊಟ್ಟುಕೊಂಡಳು: ‘ಹೇಗೆ ಹೇಳ್ತಾಳೆ ಪಾಪ.’