ಬಣ್ಣವೂ ಬಳಿಯುವ ಕೈಯೂ

ಭಾರತೀಯ ಶೈಲಿಯಲ್ಲಿ ಮನೆಯನ್ನು ಅಲಂಕರಿಸುವುದು ಹೇಗೆಂದು ಭಾರತೀಯರಾದ ನಮಗೇ ಹೇಳಿಕೊಡುವ ಬರಹಗಳಿಗೆ ಈಗ ಕೊರತೆಯಿಲ್ಲ. ಒಂದು ಗೋಡೆಗೆ ಅರಿಸಿನದ ಬಣ್ಣ ಬಳಿಸಿ, ಸೋಫಾದ ದಿಂಬುಗಳಿಗೆ ಇಳಕಲ್ ಸೀರೆಯ ಸೆರಗು ಹೊಲಿಸಿ, ಬಾಗಿಲ ಬಳಿ ಕಂಚಿನ ಉರುಳಿಯಲ್ಲಿ ನೀರು ತುಂಬಿ ಹೂ ತೇಲಿಬಿಡಿ, ಮೂಲೆಯಲ್ಲೊಂದು ಹಳೆಯ ಮರದ ಕಂಬ ನಿಲ್ಲಿಸಿ. ಇಷ್ಟಾದರೆ ಮನೆ ಭಾರತೀಯವಾಯಿತು! ಇಂಥ ಸಲಹೆಗಳನ್ನು ಗೇಲಿ ಮಾಡುವುದು ಸುಲಭ. ಆದರೆ ಬಿಳಿ ಗೋಡೆ, ಬಿಳಿ ಟೈಲ್ಸು, ಬಿಳಿ ಬೆಳಕಿನ ನಡುವೆ ಬದುಕಿ ಬೇಸತ್ತವರು ಒಂದಿಷ್ಟು ಬಣ್ಣ ಬೇಕೆಂದರೆ ಅದರಲ್ಲಿ ತಪ್ಪೇನಿದೆ? ಆ ಹಂಬಲ ನಿಜವಾದದ್ದು. ಅದು ಹಿಡಿದಿರುವ ದಾರಿಯ ಬಗ್ಗೆ ಮಾತ್ರ ನನ್ನ ತಕರಾರು.

ಈ ದಾರಿಯನ್ನು ಮೊದಲು ತುಳಿದವರು ನಾವಲ್ಲ. ನಮ್ಮ ಅಚ್ಚಿನ ಹತ್ತಿಬಟ್ಟೆ ಇಂಗ್ಲೆಂಡಿನ ಮನೆಗಳ ಪರದೆಗೂ ಹಾಸಿಗೆಗೂ ಎಷ್ಟು ಪ್ರಿಯವಾಯಿತೆಂದರೆ, ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರು ಗಲಾಟೆಯೆಬ್ಬಿಸಿ 1721ರಲ್ಲಿ ಅಂಥ ಬಟ್ಟೆ ಉಡುವುದನ್ನೂ ಮನೆಯಲ್ಲಿ ಬಳಸುವುದನ್ನೂ ನಿಷೇಧಿಸುವ ಕಾನೂನು ತರಿಸಿದರು. ಮುಂದೆ, ಭಾರತಕ್ಕೆ ಒಮ್ಮೆಯೂ ಬಾರದ ವಿಕ್ಟೋರಿಯಾ ರಾಣಿ ತನ್ನ ಆಸ್‌ಬರ್ನ್ ಅರಮನೆಯಲ್ಲಿ ಒಂದು ದರ್ಬಾರ್ ಕೋಣೆ ಮಾಡಿಸಿಕೊಂಡಳು. 1890-91ರ ಸುಮಾರಿಗೆ ಲಾಹೋರಿನ ಭಾಯಿ ರಾಮ್ ಸಿಂಗ್ ಅಲ್ಲಿಗೆ ಹೋಗಿ ಆ ಕೆಲಸ ನಡೆಸಿದ. ಅದ್ಭುತ ಕುಸುರಿ, ಅಗ್ಗಿಷ್ಟಿಕೆಯ ಮೇಲೆ ಗರಿಗೆದರಿದ ನವಿಲು. ಆದರೆ ಗೋಡೆ, ಛಾವಣಿಗಳ ಆ ಕುಸುರಿಯಲ್ಲಿ ಮೆರೆಯುವುದು ಗಾರೆಯ ಬಿಳುಪು. ಬಣ್ಣಕ್ಕೆ ಹೆಸರಾದ ದೇಶದ ನೆನಪಿಗೆಂದು ಕಟ್ಟಿದ ಬಿಳಿಯ ಕೋಣೆ! ದೂರದಿಂದ ನೋಡುವವರಿಗೆ ದೇಶವೆಲ್ಲ ಒಂದೇ ನವಿಲು, ಒಂದೇ ಕಮಾನು. ಅವರನ್ನು ದೂರುವುದೇಕೆ, ದೂರದವರ ಕಣ್ಣು ಇರುವುದೇ ಹಾಗೆ. ಅದೇ ಕಣ್ಣನ್ನು ಎರವಲು ತಂದು ನಾವು ನಮ್ಮ ಮನೆಯನ್ನು ನೋಡಿಕೊಳ್ಳುತ್ತಿದ್ದೇವಲ್ಲ, ವಿಚಿತ್ರವೆನಿಸುವುದು ಅದು. ರಾಜಸ್ಥಾನದ ಕನ್ನಡಿ ಕಸೂತಿ, ಕೇರಳದ ಉರುಳಿ, ಚೆಟ್ಟಿನಾಡಿನ ಕಂಬ ಒಂದೇ ಕೋಣೆಯಲ್ಲಿ ಕೂಡಿದಾಗ ಅವು ಒಂದಕ್ಕೊಂದು ಪರಿಚಯವಿಲ್ಲದ ನೆಂಟರಂತೆ ಮುಖ ಮುಖ ನೋಡುತ್ತಿರುತ್ತವೆ.

ನಿಜಕ್ಕೂ 'ಭಾರತೀಯ ಬಣ್ಣ' ಎಂಬುದೊಂದು ಇತ್ತೇ? ಊರೂರಿಗೆ ಅದರದೇ ಬಣ್ಣವಿತ್ತು, ಅದು ಬಹುಮಟ್ಟಿಗೆ ಕಾಲಡಿಯ ನೆಲದಿಂದ ಬಂದದ್ದು. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಅದರ ಮೇಲೆ ಕೆಂಪು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಅವರಿಗೆ ದೊರೆತದ್ದೂ ಅಲ್ಲಿನ ಹೊಳೆದಂಡೆಯ ಜೇಡಿಯೇ. ಕಲಬುರಗಿಯ ಕಡೆ ನೆಲಕ್ಕೆ ಶಹಾಬಾದಿನ ಕಲ್ಲು. ಮಲೆನಾಡಿನಲ್ಲಿ ಕೆಮ್ಮಣ್ಣಿನ ಗೋಡೆ. ಯಾರೂ ಕೂತು ಬಣ್ಣ ಆರಿಸಿದ್ದಲ್ಲ. ಸಿಕ್ಕಿದ್ದನ್ನು ಶ್ರದ್ಧೆಯಿಂದ ಬಳಸಿದರು, ಅದು ಚೆಲುವಾಯಿತು.

ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವನ್ನೇ ನೋಡಿ. ನಾಲ್ಕೇ ಬಣ್ಣ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿಕಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿಯ ಬೀಜ. ಕುಂಚವೆಂದರೆ ಪುಂಡಿಯ ನಾರು. ಮದುವೆ ಗೊತ್ತಾದಾಗ ಗೋಡೆಯನ್ನು ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಗೆರೆಯೆಳೆಯುತ್ತಾರೆ. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ; ಆದರೂ ಒಂದು ಗೆರೆ ಇನ್ನೊಂದನ್ನು ತಪ್ಪದೆ ಸಂಧಿಸುತ್ತದೆ. ಆ ಗೋಡೆಯ ಮುಂದೆ ಮದುಮಕ್ಕಳು ಹಸೆಗೆ ಕೂರುತ್ತಾರೆ. ಗೋಡೆಗೆ ಬಂದ ಬಣ್ಣ ಮನೆಯಲ್ಲಿ ಮದುವೆಯಿದೆಯೆಂದು ಹೇಳುತ್ತಿತ್ತು. ಮಳೆಗಾಲದ ತೇವಕ್ಕೆ ಅದು ಮಾಸಿದರೆ ಯಾರೂ ಅಳುತ್ತಿರಲಿಲ್ಲ. ಮುಂದಿನ ಮದುವೆಗೋ ಹಬ್ಬಕ್ಕೋ ಮತ್ತೆ ಬರೆದರಾಯಿತು, ಬರೆಯುವ ಕೈ ಮನೆಯಲ್ಲೇ ಇತ್ತು. ಅಂದರೆ ಬಣ್ಣಕ್ಕೊಂದು ಕೆಲಸವಿತ್ತು, ಅದಕ್ಕೊಂದು ಕಾಲವಿತ್ತು.

ಭೂಮಿ ಹುಣ್ಣಿಮೆಯ ಬುಟ್ಟಿಯ ಕತೆಯೂ ಅದೇ. ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಅದರಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುತ್ತಾರೆ. ಈಗ ಆ ಬುಟ್ಟಿ ನಗರದ ಗೋಡೆಯ ಮೇಲೆ ಮೊಳೆಗೆ ನೇತಾಡುತ್ತದೆ. ಉತ್ತರ ಕರ್ನಾಟಕದ ಕೌದಿಗೂ ಅದೇ ಪಾಡು. ಅವ್ವನ ಹರಿದ ಸೀರೆ, ಅಪ್ಪನ ಹಳೆಯ ಧೋತರ, ಕೂಸಿನ ಅಂಗಿಯ ತುಂಡು ಕೂಡಿಸಿ ಹೊಲಿದ ಹೊದಿಕೆ ಅದು. ಅದರ ಬಣ್ಣಗಳ ಮೇಳ ಬಂದದ್ದೇ ಆ ಮನೆಯವರು ಉಟ್ಟುತೊಟ್ಟ ಬಟ್ಟೆಯಿಂದ. ಇಂದು ಕಾರ್ಖಾನೆಯ ಹೊಸ ಬಟ್ಟೆಯನ್ನು ಕತ್ತರಿಸಿ, ಹಳತರಂತೆ ತೋರುವ ಹಾಗೆ ಹೊಲಿದು ಮಾರುತ್ತಾರೆ. ನೋಡಲು ಚೆನ್ನಾಗಿಯೇ ಇದೆ. ಆದರೆ ಆ ಚೂರುಗಳಲ್ಲಿ ಒಂದನ್ನು ತೋರಿಸಿ 'ಇದು ನಿಮ್ಮಜ್ಜಿಯ ಸೀರೆ' ಎಂದು ಮಗುವಿಗೆ ಹೇಳಲಾರೆವು.

ಇಷ್ಟು ಹೇಳಿದಾಗ ಒಂದು ಪ್ರಶ್ನೆ ಎದುರಾಗುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಾಗಾದರೆ ಚಿತ್ತಾರ ಉಳಿಯಲೆಂದು ದೀವರ ಹೆಂಗಸರು ಮಣ್ಣಿನ ಮನೆಯಲ್ಲೇ ಇರಬೇಕೇ? ಖಂಡಿತ ಬೇಡ. ವರ್ಷವರ್ಷವೂ ಗೋಡೆ ಸಾರಿಸಿ, ನೆಲ ಬಳಿದು ಸೊಂಟ ನೋಯಿಸಿಕೊಂಡವರಿಗೆ ಸಿಮೆಂಟಿನ ಮನೆ ಬಿಡುಗಡೆಯೇ ಸರಿ. ಮಣ್ಣಿನ ಗೋಡೆಯ ಸೊಬಗನ್ನು ಕೊಂಡಾಡುವವರಲ್ಲಿ ಹೆಚ್ಚಿನವರು ಎಂದೂ ಸೆಗಣಿಯ ಬಕೆಟ್ಟಿಗೆ ಕೈ ಹಾಕಿದವರಲ್ಲ. ಕೊಳ್ಳುವವರಿಲ್ಲದೆ ಕಸುಬು ಉಳಿಯುವುದಿಲ್ಲ ಎಂಬುದೂ ಅಷ್ಟೇ ದಿಟ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಮುಂದಾಳಾಗಿ ದೇಶ ಸುತ್ತಿದ್ದು ಇದನ್ನು ಮನಗಂಡೇ. ಚಿತ್ತಾರವೂ ಈಗ ಗೋಡೆಯಿಂದಿಳಿದು ಕಾಗದಕ್ಕೆ, ಬಟ್ಟೆಗೆ ಬಂದಿದೆ. ಬರೆಯುವಾಕೆಗೆ ನಾಲ್ಕು ಕಾಸು ಸಿಗುತ್ತದೆ. ಇದನ್ನು ಹಳಿಯುವ ಹಕ್ಕು ನನಗಿಲ್ಲ.

ಆದರೆ ಎಲ್ಲ ಕೊಳ್ಳುವಿಕೆಯೂ ಒಂದೇ ಅಲ್ಲ. ಚಿತ್ತಾರ ಕೊಂಡರೆ ಹಣ ಕೈಗೆ ಸೇರುತ್ತದೆ. ಹಳೆಯ ಕಂಬ ಕೊಂಡರೆ? ಕಾರೈಕುಡಿಯ ಅಂಗಡಿಗಳಲ್ಲಿ ಸಾಲಾಗಿ ಒರಗಿಸಿಟ್ಟ ಕಂಬಗಳನ್ನು, ಬಾಗಿಲುಗಳನ್ನು ನೋಡಿದವರಿಗೆ ಗೊತ್ತು: ಪ್ರತಿಯೊಂದರ ಹಿಂದೆಯೂ ಬಿಚ್ಚಿದ ಒಂದು ಮನೆಯಿದೆ. ಕೆತ್ತಿದ ಬಡಗಿ ತೀರಿ ಎಷ್ಟೋ ಕಾಲವಾಗಿದೆ. ಅವನ ವಂಶದವರಿಗೆ ಅದರಿಂದ ಒಂದು ದಿನದ ಕೂಲಿಯೂ ಹುಟ್ಟುವುದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿದರು. ಕೆಡವಲು ಹೊರಟಿದ್ದ ಮನೆಗಳನ್ನು ಬಿಡಿಬಿಡಿಯಾಗಿ ಮಾರಿಹೋಗಲು ಬಿಡದೆ, ಇಡಿಯಾಗಿ ತಂದು ಮತ್ತೆ ನಿಲ್ಲಿಸಿದರು. ದೊಡ್ಡ ಸಾಧನೆ. ಅಲ್ಲಿಯೂ ಒಲೆ ಹತ್ತುವುದಿಲ್ಲ, ನಿಜ. ಆದರೆ ಕಂಬ ಯಾವುದನ್ನು ಹೊತ್ತಿತ್ತು ಎಂಬುದಾದರೂ ಅಲ್ಲಿ ತಿಳಿಯುತ್ತದೆ. ನಮ್ಮ ಹಾಲಿನ ಮೂಲೆಯ ಕಂಬ ಏನನ್ನೂ ಹೊತ್ತಿಲ್ಲ.

ಹಾಗಾದರೆ ಮನೆಗೆ ಬಣ್ಣ ತರುವುದು ಹೇಗೆ? ನನಗನ್ನಿಸುವುದಿಷ್ಟು: ವಸ್ತುವಿಗಿಂತ ಮೊದಲು ಕೆಲಸವನ್ನು ಕೊಳ್ಳೋಣ. ಕೆಂಪು ಗಾರೆಯ ನೆಲವನ್ನೇ ತೆಗೆದುಕೊಳ್ಳಿ. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ, ಹದ ನೋಡಿ ಕರಣೆಯಿಂದ ಉಜ್ಜಿ ಉಜ್ಜಿ ನುಣುಪು ಮಾಡುವ ಕೆಲಸ ಅದು. ಹದ ತಪ್ಪಿದರೆ ನೆಲ ಬಿರಿಯುತ್ತದೆ. ಆ ಹದ ಬಲ್ಲ ಗಾರೆಯವರು ಕಡಿಮೆಯಾಗುತ್ತಿದ್ದಾರೆ. ಹೊಸ ಮನೆ ಕಟ್ಟುವವರು ಒಂದು ಕೋಣೆಗಾದರೂ ಅದನ್ನು ಹಾಕಿಸಿದರೆ ಆ ಕೈಗಳಿಗೆ ಕೆಲಸ. ಜೊತೆಗೆ ನಿಂತ ಹುಡುಗನಿಗೆ ವಿದ್ಯೆ. ಆ ನೆಲ ದಿನವೂ ಒರೆಸಿಸಿಕೊಂಡು, ಬರಿಗಾಲಿನ ಓಡಾಟಕ್ಕೆ ಸವೆದು, ವರ್ಷ ಕಳೆದಂತೆ ಹೊಳಪೇರುತ್ತದೆ. ಕೆಂಪು ಗಾರೆಯಂತೆ ಕಾಣಲೆಂದು ಅಚ್ಚು ಹಾಕಿದ ಟೈಲ್ಸಿಗೆ ಈ ಭಾಗ್ಯವಿಲ್ಲ. ಅದರ ಚೆಂದವೆಲ್ಲ ಮೊದಲ ದಿನಕ್ಕೇ ಮುಗಿದಿರುತ್ತದೆ. ಹಾಗೆಯೇ ಮದುವೆಗೋ ಗೃಹಪ್ರವೇಶಕ್ಕೋ ಚಿತ್ತಾರ ಬಲ್ಲವರನ್ನು ಕರೆಸಿ, ಇಡೀ ಗೋಡೆಯನ್ನು ಅವರ ಕೈಗೊಪ್ಪಿಸಿ, ಕೇಳಿದಷ್ಟು ಕೊಟ್ಟು ಬರೆಸಬಹುದು. ಅದು ಮಾಸಿದಾಗ ಅವರನ್ನೇ ಮತ್ತೆ ಕರೆಯಬೇಕು. ಮಾಸುವುದು ಅದರ ದೋಷವಲ್ಲ. ಆ ನೆವದಿಂದಲೇ ಬರೆಯುವವರಿಗೂ ನಮಗೂ ನಂಟು ಉಳಿಯುತ್ತದೆ.

ಇದಕ್ಕೆಲ್ಲ ಹಣವಿಲ್ಲ, ಬಾಡಿಗೆ ಮನೆಯವರು ನಾವು ಎನ್ನುವವರೂ ಉಂಟು. ಅವರಿಗೆ ಹೆಚ್ಚು ಖರ್ಚಿಲ್ಲದ ಹಾದಿಯಿದೆ. ಬಾಗಿಲ ಮುಂದಿನ ಪ್ಲಾಸ್ಟಿಕ್ ರಂಗೋಲಿ ಚೀಟಿ ಕಿತ್ತು ಒಂದು ಹಿಡಿ ರಂಗೋಲಿ ಹುಡಿ ತಂದಿಡಲಿ. ಗೆರೆ ಸೊಟ್ಟಗಾದರೂ ನಾಳೆ ಇನ್ನೊಂದು ಇದ್ದೇ ಇದೆ. ಟ್ರಂಕಿನಲ್ಲಿ ಮಡಚಿಟ್ಟ ಹಳೆಯ ಸೀರೆಗಳನ್ನು ಕೌದಿ ಹೊಲಿಯುವವರ ಕೈಗೆ ಕೊಟ್ಟು, ಹೊಲಿದು ಬಂದದ್ದನ್ನು ಹೊದ್ದು ಮಲಗಲಿ. ಉರುಳಿಯನ್ನು ಈಗಾಗಲೇ ಕೊಂಡಾಗಿದ್ದರೆ, ಬರುವ ಹಬ್ಬಕ್ಕೆ ಹೂವು ನೀರು ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ, ಅದರಲ್ಲಿ ಪಾಯಸ ಮಾಡಲಿ.